ಒಂಬತ್ತು ಫರಸಿ

ಹಜರತಬಿ ಪಡಸಾಲೆಯಲ್ಲಿ ಮಂಡಿಯೂರಿ ಕೂತು ಹೊಸದಾಗಿ ನೆಲಕ್ಕೆ ಹಾಸಿದ ಫರಸಿ ಒರೆಸುತ್ತಿದ್ದಳು. ಒದ್ದೆ ಗೋಣಿಯ ಚೂರನ್ನು ಹಿಂಡಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆದು, ಸಿಮೆಂಟಿನ ಬೂದಿ ಬಣ್ಣದ ಪೊರೆ ಹೋಗಿ ಅಡಿಯ ಹಳದಿ ಎಸಳು ಕಾಣುವ ತನಕ ಉಜ್ಜಿ, ಮತ್ತೆ ಗೋಣಿಯನ್ನು ನೀರಿಗೆ ಅದ್ದುತ್ತಿದ್ದಳು. ಒಂದೊಂದು ಫರಸಿಯಲ್ಲಿ ಹೂವಿನ ಕಾಲು ಭಾಗ ಮಾತ್ರ ಇತ್ತು. ನಾಲ್ಕು ಕೂಡಿದರೆ ಒಂದು ಹೂ. ಮುಂಬೈಯಿಂದ ರೈಲಿನಲ್ಲಿ ಬಾಗಲಕೋಟೆಗೆ ಬಂದು, ಅಲ್ಲಿಂದ ಹುಲ್ಲು ಹಾಸಿದ ಎತ್ತಿನ ಗಾಡಿಗಳಲ್ಲಿ ಅಮೀನಗಡ, ಹುನಗುಂದ ದಾಟಿ ಇಲಕಲ್ಲು ಮುಟ್ಟಿದ ಫರಸಿಗಳು. ಇಂಥ ನೆಲ ಈ ಓಣಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಸೀರೆ ವ್ಯಾಪಾರದ ದೇವಪ್ಪ ಸಾವಕಾರನ ಹೊಸ ಮನೆಯಲ್ಲೇ ಮೊದಲು. ಅವಳ ಬೆರಳ ತುದಿಗಳು ಸಿಮೆಂಟು ತಿಂದು ಬಿಳಿಚಿ ಸುಕ್ಕಾಗಿದ್ದವು. ಉಜ್ಜುವ ಸಪ್ಪಳವೂ ಹೆಚ್ಚಾಗಬಾರದೆಂದು ಅವಳು ಕೈ ಹಗುರ ಮಾಡಿಕೊಂಡಿದ್ದಳು. ಪಕ್ಕದ ಪೂಜೆಯ ಕೋಣೆಯಲ್ಲಿ ಅಬ್ಬಾ ಫರಸಿ ಬಡಿದು ನೋಡುತ್ತಿದ್ದ.

ಕೆಲಸ ಒಪ್ಪಿಸುವ ದಿನ ಅವಳ ಅಬ್ಬಾ ಗೌಂಡಿ ನಜೀರಸಾಬ ಹೀಗೆ ಮಾಡುವುದು ರೂಢಿ. ಗಾರೆ ಹಚ್ಚುವ ಥಾಪಿಯನ್ನು ತಿರುವಿ ಹಿಡಿದು, ಅದರ ಕಟ್ಟಿಗೆಯ ಹಿಡಿಯಿಂದ ಒಂದೊಂದನ್ನೂ ಬಡಿದು, ಕಣ್ಣು ಮುಚ್ಚಿ ಕೇಳಿ, ಕುಕ್ಕರಗಾಲಲ್ಲೇ ಮುಂದಕ್ಕೆ ಸರಿಯುವುದು. ಠಕ್, ಠಕ್. ಬಾಗಿಲ ಕಡೆಯಿಂದ ಶುರು ಮಾಡಿದ್ದ. ಠಕ್. ಅವಳು ಗೋಣಿಯನ್ನು ನೀರಿಂದ ಎತ್ತಿದವಳು ಹಿಂಡಲಿಲ್ಲ. ಮೂಡಲ ಗೋಡೆಯ ಮೂಲೆಗೆ ಇನ್ನೂ ಎರಡು ಸಾಲು ಇರಬೇಕು. ಠಕ್, ಠಕ್, ಠಕ್. ಇನ್ನೊಂದು ಸಾಲು. ಗೋಣಿಯಿಂದ ನೀರು ಸೋರಿ ಅವಳ ಮಂಡಿಯ ಕೆಳಗಿನ ಸೀರೆ ತೊಯ್ದಿತು. ಆಮೇಲೆ ಸಪ್ಪಳ ಬದಲಾಯಿತು, ಖಾಲಿ ಕೊಡದ ಹೊಟ್ಟೆಯ ಮೇಲೆ ಬೆರಳು ಬಡಿದ ಹಾಗೆ. ಅದೇ ಫರಸಿಯನ್ನು ಮತ್ತೊಮ್ಮೆ ಬಡಿದ. ಮತ್ತೆ ಅದೇ. ಪಕ್ಕದ್ದು, ಅದರ ಪಕ್ಕದ್ದು. ಅವಳು ಎಣಿಸಬಾರದೆಂದುಕೊಂಡರೂ ಎಣಿಸಿದಳು. ಒಂಬತ್ತು. ಒಂಬತ್ತೇ ಎಂದು ಅವಳಿಗೆ ಹೋದ ವಾರದ ಶುಕ್ರವಾರದಿಂದ ಗೊತ್ತಿತ್ತು. ಒಂದು ಬುಟ್ಟಿ ಮಾಲಿಗೆ ಒಂಬತ್ತು ಫರಸಿ ಕೂರುತ್ತಿದ್ದವು.

ಅವರ ಮನೆಯಲ್ಲಿ ಮಾಲು ಎಂದರೆ ಸುಣ್ಣದ ಗಾರೆ. ಗಾಣಕ್ಕೆ ಹಾಕಿ ಅರೆದ ಸುಣ್ಣ, ಉಸುಕು, ಬೆಲ್ಲದ ನೀರು. ಏಳು ವರ್ಷದವಳಿದ್ದಾಗಿಂದ ಅವಳು ಅದರ ಮೇಲೆ ಹಸಿ ಗೋಣಿ ಹೊದಿಸಿ, ಸಂಜೆಗೊಮ್ಮೆ ನೀರು ಚಿಮುಕಿಸಿ, ಬೆಳಗಾದರೆ ತುಳಿದು ಮೆತ್ತಗೆ ಮಾಡುವವಳು. ಎಂಟು ದಿನ, ಹದಿನೈದು ದಿನ. ಎಷ್ಟು ಮಲಗಿದರೆ ಅಷ್ಟು ಒಳ್ಳೆಯದು ಎನ್ನುತ್ತಿದ್ದ ಅಬ್ಬಾ. ಅದರ ಹುಳಿ ವಾಸನೆ ಅವಳ ಲಂಗಕ್ಕೆ ಹತ್ತಿಕೊಂಡು, ಉರ್ದು ಸಾಲೆಯ ಹುಡುಗಿಯರು ದೂರ ಸರಿದು ಕೂರುತ್ತಿದ್ದರು. ಎರಡನೆಯ ಸಲ ಪ್ಲೇಗು ಬಂದು ಸಾಲೆ ಮುಚ್ಚಿದಾಗ ಅವಳಿಗೆ ಒಳಗೊಳಗೆ ಸಮಾಧಾನವೇ ಆಗಿತ್ತು. ಈ ಸಿಮೆಂಟು ಹಾಗಲ್ಲ. ಪೀಪಾಯಿಯಲ್ಲಿ ಬಂದ ಹಿಟ್ಟು. ನೀರು ಬಿದ್ದ ಗಳಿಗೆಯಿಂದ ಬಿಗಿಯತೊಡಗುತ್ತದೆ. ಮೊದಲನೆಯ ದಿನವೇ ಜಾಫರಸಾಬ ಅವಳನ್ನು ಎದುರಿಗೆ ನಿಲ್ಲಿಸಿ ಹೇಳಿದ್ದ. ಅಬ್ಬಾನ ಕೈಯಲ್ಲೇ ಕಲಿತು, ಸೊಲ್ಲಾಪುರದಲ್ಲಿ ಮೂರು ವರ್ಷ ಇಂಥ ಫರಸಿ ಹಾಕಿ ಬಂದವನು, ಈ ಕೆಲಸ ಹಿಡಿದು ತಂದವನೂ ಅವನೇ. "ಕೇಳಬೇ ಹಜರತ್, ಇದು ಒಮ್ಮಿ ಬಿಗದರ ಸತ್ತಂಗ. ಮ್ಯಾಲ ನೀರ ಹಾಕಿ ಎಬ್ಬಸಾಕ ಹೋಗಬ್ಯಾಡ. ಎದ್ದಂಗ ಕಾಣತದ, ಆದ್ರ ಏನೂ ಹಿಡಿಯಂಗಿಲ್ಲ. ಉಳೀತಂದ್ರ ಹೊರಗ ಚೆಲ್ಲು, ತಿಳೀತೇನು?" ಅವಳು ತಲೆಯಾಡಿಸಿದ್ದಳು. ತಿಳಿದಿತ್ತು. ತಿಳಿಯಲಿಲ್ಲ ಎನ್ನುವ ಹಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಗುರುವಾರ ಅವಳು ಹೆಚ್ಚು ಕಲಸಿದ್ದಳು. ಎರಡು ಬುಟ್ಟಿ ಉಳಿದು ಅಂಗಳದಲ್ಲೇ ಕಲ್ಲಾಗಿತ್ತು. "ಏನಬೇ, ಉರುಸಿಗೆ ದಾಲ್ಚಾ ಮಾಡೀ ಏನು? ಊರ ಮಂದಿಗೆಲ್ಲಾ ಆಗೂವಷ್ಟು ಕಲಸೀಯಲ್ಲ!" ಎಂದು ಜಾಫರಸಾಬ ಕೂಗಿದ್ದ. ನೀರು ಹೊರುವ ಮುತ್ತಪ್ಪ ಕೊಡ ಇಳಿಸಿ ನಕ್ಕ. ಸಾವಕಾರನ ತಾಯಿ ಶಾರವ್ವ, ಮಾಳಿಗೆಯ ಮೆಟ್ಟಿಲ ಮೇಲೆ ಕೂತವಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅದೆಲ್ಲ ಇರಲಿ. ದಾರ ಹಿಡಿದು ಕೂತ ಅಬ್ಬಾನೂ ನಕ್ಕಿದ್ದ, ಬರೇ ಮೀಸೆಯ ಕೆಳಗೆ, ಮಂದಿಯ ಜೊತೆ ನಗದಿದ್ದರೆ ಚೆನ್ನಾಗಿರುವುದಿಲ್ಲ ಎನ್ನುವ ಹಾಗೆ. ಅವಳು ತಲೆಯ ಮೇಲಿನ ಸೆರಗು ಮುಂದಕ್ಕೆಳೆದುಕೊಂಡು ಆ ಕಲ್ಲಾದ ಮಾಲನ್ನು ಒಡೆದು ಹೊತ್ತು ಹಾಕಿದ್ದಳು. ಮರುದಿನ ಶುಕ್ರವಾರ. ಗಂಡಸರು ನಮಾಜಿಗೆ ಹೋದಾಗ ಬುಟ್ಟಿ ತುಂಬ ಮಾಲು ಉಳಿದಿತ್ತು. ಹೊರಗೆ ಚೆಲ್ಲಬೇಕಿತ್ತು. ಅಂಗಳದಲ್ಲಿ ಶಾರವ್ವ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಚೆಲ್ಲಿದರೆ ನೋಡುತ್ತಾಳೆ, ನೋಡಿದರೆ ಹೇಳುತ್ತಾಳೆ, ಹೇಳಿದರೆ ಮತ್ತೆ ದಾಲ್ಚಾ. ಅವಳ ಕೈ ತಾನಾಗಿಯೇ ಹಸಿ ಗೋಣಿಯನ್ನು ಎಳೆದು ಬುಟ್ಟಿಯ ಮೇಲೆ ಹೊದಿಸಿತು. ಇಪ್ಪತ್ತು ಸಲ, ನೂರು ಸಲ ಹೊದಿಸಿದ ಕೈ. ಗಂಡಸರು ತಿರುಗಿ ಬರುವ ಹೊತ್ತಿಗೆ ಅದು ಮೇಲೆ ಬಿಗಿದು, ಬೆರಳು ಒತ್ತಿದರೆ ಇಳಿಯುತ್ತಿರಲಿಲ್ಲ. ಅವಳು ಎರಡು ಚೆಂಬು ನೀರು ಹೊಯ್ದು, ಗೋಡೆಯ ಮರೆಯಲ್ಲಿ ತುಳಿದು ಮೆತ್ತಗೆ ಮಾಡಿ, ಒಳಗೆ ಒಯ್ದು ಅಬ್ಬಾನ ಬದಿಗೆ ಇಟ್ಟಳು. ಅವನು ಥಾಪಿಯಲ್ಲಿ ಎತ್ತಿ, ಎಡಗೈ ಬೆರಳಿಂದ ಮುಟ್ಟಿ, ಒಂದು ಗಳಿಗೆ ತಡೆದ. "ಮೆತ್ತಗದ," ಎಂದ, ಮೆಚ್ಚಿದ ಹಾಗೆ. ಅವನ ಬೆರಳಿಗೆ ಅದು ಸುಣ್ಣದ ಹಾಗೆ ತೋರಿರಬೇಕು. ಆ ಮಾತು ಕೇಳಿ ಅವಳಿಗೆ ಸಂತೋಷವಾಗಿತ್ತು.

"ಜಾಫರ್, ಇಲ್ಲಿ ಬಾರಲೇ," ಎಂದು ಅಬ್ಬಾ ಒಳಗಿಂದ ಕರೆದ.

ಜಾಫರಸಾಬ ಕೈ ಒರೆಸಿಕೊಳ್ಳುತ್ತ ಅವಳ ಪಕ್ಕದಿಂದಲೇ ಹೋದ. ಬಡಿದ ಸಪ್ಪಳ. "ಹೌದಲ್ಲ ಚಾಚಾ," ಎಂದ. ಮತ್ತೊಂದು ಬಡಿದ. "ಇದೂ ಪೊಳ್ಳು. ಅಂಚು ಹಿಡದಾವ. ನಡುವ ಮಾಲು ಒಂದ ಸಮ ಬಿದ್ದಿಲ್ಲ."

"ನಾ ಹಾಕಿದ್ದು."

"ನಿಮ್ಮ ಕೈಯಾಗ ಹಿಂಗ ಎಂದಾದ್ರೂ ಆಗೇದೇನ್ರಿ?"

"ಆತಲ್ಲ ಈಗ. ಮಳಿಗಾಲದ ಜ್ವರ ಬಂದಾಗಿಂದ ಬೆರಳು ನಡಗತಾವ. ನೀ ನೋಡಿಲ್ಲೇನು? ನೋಡಿ ಸುಮ್ಮನಾಗೀಯಲ್ಲ." ಅಬ್ಬಾನ ದನಿಯಲ್ಲಿ ಸಿಟ್ಟು ಇರಲಿಲ್ಲ. ಬಾವಿಯಲ್ಲಿ ಎಷ್ಟು ನೀರಿದೆ ಎಂದು ಹೇಳುವ ಹಾಗೆ ಹೇಳಿದ. "ತಗದು ಹಾಕೂಣು."

"ಹೆಂಗ ತಗೀತೀರಿ ಚಾಚಾ? ಅಂಚು ಹಿಡದ ಫರಸಿ. ಉಳಿ ಹಾಕಿದರ ಒಡದು ಚೂರಾಗತಾವ. ಉಳದದ್ದು ಮೂರ ಫರಸಿ, ಬಾಕಿ ಹಾದ್ಯಾಗ ಗಾಡಿಯೊಳಗ ಒಡದು ಹೋದವು. ನಾಳಿ ಪೂಜಿಗೆ ಮಠದ ಅಯ್ಯಗಳು ಬಂದು ಪಾದ ಇಡೂವ ಕ್ವಾಣಿ ಇದು. ಒಂಬತ್ತು ಕುಣಿ ತೋರಸೂಣೇನು ಅವರಿಗೆ?"

ಹಜರತಬಿಯ ಕೈ ನಿಂತಿತು. ಒಡೆಯುವುದಿಲ್ಲ. ಅಂಚೂ ಹಿಡಿದಿಲ್ಲ, ನಡುವೂ ಹಿಡಿದಿಲ್ಲ; ಸತ್ತ ಮಾಲು ಏನನ್ನೂ ಹಿಡಿಯುವುದಿಲ್ಲ. ಥಾಪಿಯ ತುದಿ ತೂರಿಸಿ ಮೆಲ್ಲಗೆ ಎತ್ತಿದರೆ ಒಂಬತ್ತೂ ಇಡಿಯಾಗಿ ಏಳುತ್ತವೆ, ಹಂಚಿನಿಂದ ರೊಟ್ಟಿ ಎದ್ದ ಹಾಗೆ. ಹೊಸ ಮಾಲು ಕಲಸಿ ಮಧ್ಯಾಹ್ನದೊಳಗೆ ಮತ್ತೆ ಕೂರಿಸಬಹುದು. ಇದು ಈ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಎದ್ದು ನಾಲ್ಕು ಹೆಜ್ಜೆ ಹೋಗಿ ಒಂದು ಮಾತು ಹೇಳಿದರೆ ಮುಗಿಯಿತು. ಅವಳು ಗೋಣಿ ಹಿಂಡಿದಳು. ಒಂದು ಹೂವಿನ ನಾಲ್ಕೂ ಕಾಲು ಉಜ್ಜಿದಳು. ಇನ್ನೊಂದು ಹೂವಿಗೆ ಹೋದಳು. ಇದೊಂದು ಮುಗಿಸಿ ಹೇಳುತ್ತೇನೆ ಎಂದುಕೊಂಡಳು. ಆ ಹೂವೂ ಮುಗಿಯಿತು.

ದೇವಪ್ಪ ಸಾವಕಾರ ಅಂಗಡಿಗೆ ಹೊರಟವನು ಪಡಸಾಲೆಯಲ್ಲಿ ಹಾದುಹೋಗುವಾಗ ಅಬ್ಬಾ ಅವನನ್ನು ತಡೆದು ನಿಲ್ಲಿಸಿದ. ಜಾಫರಸಾಬ ಹಿಂದಿನಿಂದ ಬೇಡ ಎಂದು ಕಣ್ಣು ಮಾಡುತ್ತಿದ್ದ. "ಸಾವಕಾರ್ರ, ಒಳಗ ಒಂಬತ್ತು ಫರಸಿ ಪೊಳ್ಳಾಗ್ಯಾವ. ನನ್ನ ಕೈ ತಪ್ಪು. ಹೇಳದ ಹೋದರ ನನಗ ನಿದ್ದಿ ಬರಂಗಿಲ್ಲ." ದೇವಪ್ಪ ಒಳಗೆ ಇಣುಕಿ, ಹೊರಗೆ ಬಂದು, ಅಬ್ಬಾನ ಹೆಗಲ ಮೇಲೆ ಕೈಯಿಟ್ಟ. ಬೈದಿದ್ದರೆ ಆಗುತ್ತಿತ್ತು. ಅವಳು ಅದನ್ನೇ ಬೇಡಿಕೊಳ್ಳುತ್ತಿದ್ದಳು. "ನಜೀರಸಾಬ, ನೀ ಕಟ್ಟಿದ ನಮ್ಮಪ್ಪನ ಬಾವಿ ಇನ್ನೂ ಒಂದು ಬಿರುಕು ಬಿಟ್ಟಿಲ್ಲ. ವಯಸ್ಸಾತು, ಆಗತದ. ಒಳಗ ಕಟಗಿ ಮಣಿ ಹಾಕಿಕೊಂಡು ನಮ್ಮವ್ವ ಕೂಡತಾಳ, ಅಕಿಗೆ ಪೊಳ್ಳು ಸಪ್ಪಳ ಎಲ್ಲಿ ಕೇಳತದ?" ಎಂದು ನಕ್ಕು ಚಪ್ಪಲಿ ಮೆಟ್ಟಿದ. ಅಬ್ಬಾನೂ ನಕ್ಕ. ಅದೇ ಮೀಸೆಯ ಕೆಳಗಿನ ನಗೆ. ಅವಳು ಕಣ್ಣು ತಗ್ಗಿಸಿದಳು. ಗುರುವಾರ ಆ ನಗೆಗೆ ಎಷ್ಟು ಸಿಟ್ಟಾಗಿದ್ದಳು! ಮಂದಿಯ ಮುಂದೆ ತನ್ನನ್ನೇ ಹೀಗೆ ಬಿಟ್ಟುಕೊಡಬಲ್ಲವನು ಮಗಳನ್ನು ಬಿಟ್ಟುಕೊಟ್ಟದ್ದರಲ್ಲಿ ಏನಿತ್ತು?

ಮಧ್ಯಾಹ್ನ ಶಾರವ್ವ ಅಂಗಳಕ್ಕೆ ಬಂದು ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಇಟ್ಟು ಹಜರತಬಿಯ ಚಾಚಿದ ಸೆರಗಿಗೆ ಮೇಲಿನಿಂದ ಬಿಟ್ಟಳು. ಚೆಂಬಿನಿಂದ ಬೊಗಸೆಗೆ ನೀರು ಹೊಯ್ದಳು. ಹೊಯ್ಯುವಾಗ ಚೆಂಬು ಬೊಗಸೆಗೆ ತಾಗದ ಹಾಗೆ ಎತ್ತರ ಹಿಡಿಯುವುದು ಅವಳ ಕೈಗೆ ರೂಢಿಯಾಗಿತ್ತು; ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆಕಳ ಕೊರಳು ತುರಿಸುವಷ್ಟೇ ಪ್ರೀತಿಯೂ ಇತ್ತು. "ನೆಲ ಏನ ಚಂದ ಆಗೇದಬೇ, ಕನ್ನಡಿ ಆಗೇದ. ನಿನ್ನೆ ನೋಡಿದೆ, ನನ್ನ ಮೂಗತಿ ಕಂಡಿತು ಅದರಾಗ. ಯಾಕ, ಮಾರಿ ಯಾಕ ಒಣಗೇದ ನಿಂದು?"

"ಏನಿಲ್ಲರಿ ಅವ್ವಾರ."

"ಏನಿಲ್ಲಂದ್ರ ಏನ? ಮದವಿ ಮಾತು ನಡದದೇನು? ಹಾಂ? ಹುಡುಗ ಕರಿಯ ಅದಾನೇನು?" ಶಾರವ್ವ ತನ್ನ ಮಾತಿಗೆ ತಾನೇ ನಕ್ಕಳು. ಆಮೇಲೆ ದನಿ ತಗ್ಗಿಸಿ, "ನಿಮ್ಮಪ್ಪಗ ಒಂದ ಮಾತು ಹೇಳು. ಇವತ್ತು ದೀಪ ಹಚ್ಚೂ ಹೊತ್ತಿಗೆ ಸಂಗಮದ ನೀರು ಹಾಕತೇನಿ ಪೂಜಿ ಕ್ವಾಣ್ಯಾಗ. ಕೂಡಲಸಂಗಮದಿಂದ ಮುತ್ತಪ್ಪ ಹೊತಗೊಂಡು ಬಂದಾನ. ನೀರು ಬಿದ್ದ ಮ್ಯಾಲ ಮನಿ ಮಂದಿ ಬಿಟ್ಟು ಯಾರೂ ಆ ಹೊಸ್ತಲ ದಾಟಬಾರದು. ನಿಮ್ಮ ಸಾಮಾನು ಏನರ ಇದ್ದರ ತಕ್ಕೊಂಡಬಿಡ್ರಿ. ಬ್ಯಾಸರ ಮಾಡಕೋಬ್ಯಾಡ್ರಿ ಮತ್ತ," ಎಂದಳು.

ಹಜರತಬಿಯ ಬಾಯಲ್ಲಿ ರೊಟ್ಟಿ ಇತ್ತು. ಅವ್ವಾರ, ಆ ಶುಕ್ರವಾರ ನೀವು ಮೆಣಸಿನಕಾಯಿ ಹಾಕತಿದ್ದಿರಿ ನೋಡ್ರಿ. ಹಾಗೆ ಶುರು ಮಾಡಬಹುದಿತ್ತು. ಆದರೆ ರೊಟ್ಟಿ ನುಂಗುವಷ್ಟರಲ್ಲಿ ಶಾರವ್ವ ಕಾಗೆಯನ್ನು ಓಡಿಸಲು ಎದ್ದಿದ್ದಳು, ಓಡಿಸಿದವಳು ಅತ್ತಲಾಗಿ ಯಾರನ್ನೋ ಬೈಯಲು ಹೋದಳು, ಅವಳ ಬೈಗುಳ ಗೋಡೆಯಾಚೆಗೆ ಕರಗಿತು.

ನೆರಳು ಉದ್ದವಾಗಿ ಕಟ್ಟೆ ಮುಟ್ಟಿದಾಗ ಅಬ್ಬಾ ಸಾಮಾನು ತೊಳೆದ. ದಾರ ಸುತ್ತಿದ. ತೂಗುಗುಂಡು ಒರೆಸಿ ಚೀಲಕ್ಕೆ ಹಾಕಿದ. ಥಾಪಿಯನ್ನು ಮಾತ್ರ ಬೇರೆ ಇಟ್ಟುಕೊಂಡು, ಅಡಿಗೆಮನೆಯಿಂದ ಬೇಡಿ ತಂದ ಕುಸುಬಿಯ ಎಣ್ಣೆಯನ್ನು ಅದರ ಅಲಗಿಗೆ ಸವರಿದ. ಬಹಳ ಹೊತ್ತು ಸವರಿದ. ಹಿಡಿಯ ಕಟ್ಟಿಗೆ ಅವನ ಹೆಬ್ಬೆರಳು ಕೂತು ಕೂತು ಒಂದು ಕಡೆ ತಗ್ಗಾಗಿತ್ತು. ಆ ತಗ್ಗಿಗೆ ಬೇರೆಯವರ ಬೆರಳು ಸರಿಹೊಂದುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಎಷ್ಟೋ ಸಲ ತನ್ನ ಬೆರಳು ಇಟ್ಟು ನೋಡಿದ್ದಳು. ಅಬ್ಬಾ ಅದನ್ನು ಬಟ್ಟೆಯಲ್ಲಿ ಸುತ್ತಿ ಜಾಫರಸಾಬನ ಮುಂದೆ ಹಿಡಿದ.

"ಇದ್ಯಾಕ್ರಿ ಚಾಚಾ?"

"ಮಹಾಕೂಟದ ಹೊಂಡದ ಮೆಟ್ಟಲ ಕೆಲಸಕ್ಕ ಕರೆ ಬಂದದಲ್ಲ, ಅದಕ್ಕ ನೀನ ಹೋಗು. ನಜೀರಸಾಬ ಬರಂಗಿಲ್ಲಂತ ಹೇಳು."

"ನಿಮ್ಮ ಹೆಸರು ಹೇಳಿ ಕರದಾರ. ಅದು ಸುಣ್ಣದ ಗಚ್ಚಿನ ಕೆಲಸ, ನನಗ ನಿಮ್ಮಷ್ಟು ಎಲ್ಲಿ ಬರತದ?"

"ಬರತದ. ನೀರಾಗಿನ ಕೆಲಸ ಅದು. ಮಂದಿ ನಂಬಿ ಕಾಲಿಡತಾರ. ಗೊತ್ತಿದ್ದೂ ಗೊತ್ತಿದ್ದೂ ಈ ಕೈ ಅಲ್ಲಿ ಇಡಲೇನು ನಾ?"

ಜಾಫರಸಾಬ ತೆಗೆದುಕೊಳ್ಳಲಿಲ್ಲ. ಅಬ್ಬಾ ಅದನ್ನು ಅವನ ಮಡಿಲಲ್ಲಿ ಇಟ್ಟು, ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತ. ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಬಿಟ್ಟಿದ್ದ. ಅವು ನಡುಗುತ್ತಿರಲಿಲ್ಲ. ಹಜರತಬಿ ದೂರದಿಂದ ದಿಟ್ಟಿಸಿ ನೋಡಿದಳು, ಕಣ್ಣು ಉರಿಯುವ ತನಕ. ನಡುಗುತ್ತಿರಲಿಲ್ಲ. ಜ್ವರ ಬಂದಾಗ ನಡುಗಿದ್ದು ನಿಜ, ಆಮೇಲೆ ಅದು ನಿಂತುಹೋಗಿತ್ತು, ಅನ್ನ ಕಲಸುವಾಗ, ದಾರಕ್ಕೆ ಗಂಟು ಹಾಕುವಾಗ ದಿನಾ ನೋಡಿದವಳು ಅವಳು. ಈಗ ಅವನೇ ನಡುಗುತ್ತವೆ ಎಂದು ನಂಬಿಕೊಂಡ. ನಾಳೆ ಚಹದ ಬಟ್ಟಲು ಹಿಡಿಯುವಾಗ ನಂಬಿಕೆಯ ಭಾರಕ್ಕೇ ಅವು ನಡುಗಲು ಹತ್ತುತ್ತವೆ. ಆಮೇಲೆ ಖರೆಯೇ ನಡುಗುತ್ತವೆ, ಆಗ ಯಾರು ಏನು ಹೇಳಿದರೂ ಆಗದು. ಅವಳು ಎದ್ದು ಹತ್ತಿರ ಹೋದಳು.

"ಅಬ್ಬಾ."

"ಏನವ್ವಾ?"

ಅವನು ತಲೆಯೆತ್ತಿ ನೋಡಿದ. ಕಣ್ಣಲ್ಲಿ ಏನೂ ಸಂಶಯವಿರಲಿಲ್ಲ. ಅದೇ ಕಷ್ಟವಾಯಿತು. ಹೇಳಿದರೆ ಬೈಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೋಗಲಿ ಬಿಡು ಎಂದು ಸುಮ್ಮನಾಗಿಬಿಡುತ್ತಾನೆ, ಮಗಳ ಹೆಸರು ಹೊರಗೆ ಬರದಿರಲಿ ಎಂದು ತನ್ನ ಕೈಯನ್ನೇ ಹಳಿದುಕೊಂಡು ಇದ್ದುಬಿಡುತ್ತಾನೆ. ಅವನೊಬ್ಬನಿಗೆ ಹೇಳಿದರೆ ಹೇಳಿದ ಹಾಗಾಗುವುದಿಲ್ಲ. ಎಲ್ಲರ ಮುಂದೆ ಹೇಳಬೇಕು. ಗುರುವಾರ ನಕ್ಕವರೆಲ್ಲರ ಮುಂದೆ.

"ನೀರು ಬೇಕೇನ್ರಿ?" ಎಂದಳು.

"ಬ್ಯಾಡವ್ವಾ."

ಒಳಗೆ ಶಾರವ್ವನ ಬಳೆಯ ಸಪ್ಪಳ ಕೇಳಿತು. ಹಿತ್ತಾಳೆಯ ತಂಬಿಗೆ, ಪತ್ರಿಯ ಎಲೆಗಳ ಗೊಂಚಲು. ಹಜರತಬಿ ಪಡಸಾಲೆಗೆ ಬಂದಾಗ ಮುದುಕಿ ಪೂಜೆಯ ಕೋಣೆಯ ನಡುವೆ ನಿಂತು ಮೂಡಲ ಗೋಡೆಯ ಮೂಲೆಗೆ ನೀರು ಚಿಮುಕಿಸುತ್ತಿದ್ದಳು. ಹನಿಗಳು ಹಳದಿ ಎಸಳುಗಳ ಮೇಲೆ ಬಿದ್ದು ನಿಂತವು. ಅಂಗಡಿಯಿಂದ ಬಂದ ದೇವಪ್ಪ ಟೊಪ್ಪಿಗೆ ತೆಗೆದು ಕಂಬಕ್ಕೆ ಒರಗಿ ನಿಂತಿದ್ದ. ಮುತ್ತಪ್ಪ ಖಾಲಿ ಕೊಡ ಹಿಡಿದಿದ್ದ. ಬಿತ್ತಲ್ಲ ನೀರು, ಮುಗಿಯಿತಲ್ಲ ಎಂದು ಅವಳಿಗೆ ಅನಿಸಿತು, ಅನಿಸಿದ್ದೇ ಮೈ ಹಗುರಾದ ಹಾಗಾಯಿತು, ಹಾಗೆ ಹಗುರಾದದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ತಡವಾಗಲಿ ಎಂದೇ ಬೆಳಗಿನಿಂದ ಹೂವು ಉಜ್ಜುತ್ತ ಕೂತಿದ್ದಳೇ?

"ಆ ಮಾಲು ಸತ್ತಿತ್ತು," ಎಂದಳು.

ಯಾರಿಗೂ ಕೇಳಿಸಲಿಲ್ಲ. ದೇವಪ್ಪ ಮಾತ್ರ ತಿರುಗಿ, "ಏನಂದಿ?" ಎಂದ.

"ಆ ಮಾಲು ಸತ್ತಿತ್ತರಿ. ಆ ಒಂಬತ್ತರ ಕೆಳಗಿಂದು." ದನಿ ತನ್ನದಲ್ಲದ ಹಾಗೆ, ಎತ್ತರದಲ್ಲಿ, ಒಡೆದು ಬಂತು. "ಶುಕ್ರವಾರ ಉಳದಿತ್ತು. ಚೆಲ್ಲಬೇಕಾಗಿತ್ತು, ಚೆಲ್ಲಲಿಲ್ಲ. ಬಿಗದಿತ್ತು. ನಾ ನೀರ ಹಾಕಿ ತುಳದು ಅಬ್ಬಾಗ ಕೊಟ್ಟೆ. ಅಬ್ಬಾಗ ಗೊತ್ತಿಲ್ಲ. ಅವರ ಕೈ ತಪ್ಪಲ್ಲರಿ. ಅವರ ಕೈ ನಡಗಂಗಿಲ್ಲ."

ಕಟ್ಟೆಯ ಕಡೆಯಿಂದ ಜಾಫರಸಾಬ ಬಂದು ಬಾಗಿಲಲ್ಲಿ ನಿಂತಿದ್ದ. "ನಾ ನಿನಗ ಎಷ್ಟ ಸಲ ಹೇಳಿದ್ದೆನಬೇ..." ಎಂದು ಶುರು ಮಾಡಿದವನು ನಡುವೆಯೇ ನಿಲ್ಲಿಸಿ ಒಳಗಿನ ಮೂಲೆಯನ್ನು ನೋಡಿದ. "ಹಂಗಾದ್ರ ಅವು ಹಿಡದಽ ಇಲ್ಲ. ಇಡಿಯಾಗಿ ಏಳತಾವ." ಅವನ ಕೈ ಬಗಲಲ್ಲಿದ್ದ ಥಾಪಿಯ ಗಂಟನ್ನು ಬಿಚ್ಚತೊಡಗಿ, ಹೊಸ್ತಿಲ ಮೇಲಿನ ಹಸಿ ನೀರು ಕಂಡು, ಅಲ್ಲೇ ತಡೆಯಿತು. ಅವನ ಹಿಂದೆ ಅಬ್ಬಾ ಬಂದು ನಿಂತ. ಎಷ್ಟು ಕೇಳಿದ್ದನೋ, ಎಲ್ಲಿಂದ ಕೇಳಿದ್ದನೋ. ಅವನು ಮಗಳನ್ನು ನೋಡಲಿಲ್ಲ. ಬಲಗೈಯನ್ನು ಸ್ವಲ್ಪ ಮೇಲೆತ್ತಿ, ಬೆರಳು ಬಿಡಿಸಿ, ಬೇರೆ ಯಾರದೋ ಕೈ ನೋಡುವ ಹಾಗೆ ಅದನ್ನೇ ನೋಡುತ್ತಿದ್ದ.

ಯಾರೂ ನಗಲಿಲ್ಲ. ಮುತ್ತಪ್ಪ ಕೊಡವನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಬದಲಿಸಿದ. ದೇವಪ್ಪ ತಾಯಿಯ ಮುಖ ನೋಡಿದ. ಶಾರವ್ವ ತಂಬಿಗೆ ಹಿಡಿದು ಅಲ್ಲೇ, ಆ ಮೂಲೆಯ ಹತ್ತಿರವೇ ನಿಂತಿದ್ದಳು; ಎಲೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವಳ ಮುಖದಲ್ಲಿ ಸಿಟ್ಟಿತ್ತೋ, ಮರುಕವಿತ್ತೋ, ಕೇಳಿದ್ದು ಅರ್ಥವಾಗುವುದಕ್ಕೇ ಇನ್ನೂ ಹೊತ್ತು ಬೇಕಿತ್ತೋ, ಹಜರತಬಿಗೆ ಹೇಳಲು ಬರಲಿಲ್ಲ. ಇಷ್ಟು ಜನರ ಕಣ್ಣನ್ನು ಒಮ್ಮೆಗೇ ಅವಳು ಎಂದೂ ಎದುರಿಸಿರಲಿಲ್ಲ. ಸೆರಗು ಜಾರಿದ್ದು ಗೊತ್ತಾಯಿತು. ಎಳೆದುಕೊಳ್ಳಲಿಲ್ಲ. ಹೊಸ್ತಿಲಿನಿಂದ ಒಂದು ಮಾರು ದೂರದಲ್ಲಿ, ಬೆಳಗ್ಗೆ ತಾನೇ ಉಜ್ಜಿದ ನೆಲದ ಮೇಲೆ ಮಂಡಿಯೂರಿ ಕೂತಳು.

"ಅವ್ವಾರ, ನನ್ನ ಒಳಗ ಬಿಡಬ್ಯಾಡ್ರಿ," ಎಂದಳು. "ಅಬ್ಬಾ ಒಬ್ಬರನ್ನ ಒಂದ ಸಲ ಒಳಗ ಬಿಡ್ರಿ."